ಕತ್ತರಿ ಬೇಕೆ, ಕಟ್ಟು ಸಾಕೆ?

(ಬೆಂಗಳೂರಿನ ಬಸವನಗುಡಿಯಲ್ಲಿ ಹಿರಿಯ ನಾಗರಿಕರ ಬಳಗವೊಂದರ ಸಭೆಯಲ್ಲಿ ಮೂಳೆ ಶಸ್ತ್ರಚಿಕಿತ್ಸಕರೊಬ್ಬರು ಆಡಿದ ಮಾತುಗಳ ಬರಹ ರೂಪ)

ನಿಮ್ಮಲ್ಲಿ ಅನೇಕರ ಮೊಬೈಲಿನಲ್ಲಿ ಈ ಹೊತ್ತಿಗೂ ಯಾರದಾದರೂ ಎಕ್ಸ್-ರೇ ಇದ್ದೇ ಇರುತ್ತದೆ. ಅಕ್ಕನದು, ಬೀಗರದು, ಮಹಡಿ ಮನೆಯವರದು. ಅದನ್ನು ನನ್ನಂಥವರಿಗೆ ಕಳುಹಿಸಿ ಕೆಳಗೆ ಒಂದು ಸಾಲು ಬರೆಯುತ್ತೀರಿ: 'ಡಾಕ್ಟರೇ, ಆಪರೇಷನ್ ಮಾಡಿಸಲೇಬೇಕೇ?' ನಾನು ತಿರುಗಿ ಕೇಳುವುದು ಬೇರೆಯೇ ಆಗಿರುತ್ತದೆ. ವಯಸ್ಸೆಷ್ಟು? ಬೀಳುವ ಮೊದಲು ಹೇಗೆ ಓಡಾಡಿಕೊಂಡಿದ್ದರು? ಬಲಗೈಯೋ ಎಡಗೈಯೋ? ಮನೆಯಲ್ಲಿ ನೋಡಿಕೊಳ್ಳುವವರು ಯಾರಿದ್ದಾರೆ? ಇಷ್ಟರಲ್ಲಿ ಒಂದೂ ಎಕ್ಸ್-ರೇಯಲ್ಲಿ ಕಾಣುವುದಿಲ್ಲ. ಆದರೆ ನಿಮ್ಮ ಪ್ರಶ್ನೆಗೆ ಉತ್ತರ ಮುಕ್ಕಾಲು ಪಾಲು ಇವುಗಳಲ್ಲೇ ಇದೆ.

ಮೂಳೆ ವೈದ್ಯರಿಗೆ ಹಳೆಯ ಚಟವೊಂದಿದೆ. ಆಪರೇಷನ್ ಆದ ಮೇಲೆ ಎಕ್ಸ್-ರೇ ಹಿಡಿದು, ಮೂಳೆ ನೆಟ್ಟಗೆ ಕೂತಿದೆ, ಪ್ಲೇಟು ಸರಿಯಾದ ಜಾಗದಲ್ಲಿದೆ, ಸ್ಕ್ರೂಗಳು ಹದವಾಗಿ ಬಿದ್ದಿವೆ ಎಂದು ಬೀಗುವುದು. ಕಳೆದ ಇಪ್ಪತ್ತು ಇಪ್ಪತ್ತೈದು ವರ್ಷಗಳಲ್ಲಿ ನಮ್ಮ ವಿಭಾಗ ನಿಧಾನವಾಗಿ ಕಲಿತ ಪಾಠವೆಂದರೆ ಚಿತ್ರ ಚೆನ್ನಾಗಿರುವುದಕ್ಕೂ ಕೈ ಕೆಲಸಕ್ಕೆ ಬರುವುದಕ್ಕೂ ನಾವು ಅಂದುಕೊಂಡಷ್ಟು ನಂಟಿಲ್ಲ ಎಂಬುದು. ಆದ್ದರಿಂದ ಈಗ ರೋಗಿಯನ್ನೇ ಕೇಳುತ್ತಾರೆ. ಭುಜಕ್ಕೆ ಆಕ್ಸ್‌ಫರ್ಡ್ ಅಂಕವೆಂಬ ಪ್ರಶ್ನಾವಳಿ ಇದೆ. ಹನ್ನೆರಡು ಪ್ರಶ್ನೆ, ಪೂರ್ತಿ ಚೆನ್ನಾಗಿದ್ದರೆ 48 ಅಂಕ. ತಲೆ ಬಾಚಿಕೊಳ್ಳಬಲ್ಲಿರಾ, ಬಟ್ಟೆ ಹಾಕಿಕೊಳ್ಳಬಲ್ಲಿರಾ, ಚಾಕು ಮತ್ತು ಫೋರ್ಕ್ ಎರಡನ್ನೂ ಒಟ್ಟಿಗೆ ಹಿಡಿದು ಊಟ ಮಾಡಬಲ್ಲಿರಾ? ನನಗೆ ನಗು ಬರುವುದು ಇಲ್ಲೇ. ನಮ್ಮವರಿಗೆ ಬೇಕಾದದ್ದು ಅನ್ನ ಸಾರು ಕಲಸಿ ಬಾಯಿಗಿಡುವ ಕೈ. ತೀರ್ಥ ತೆಗೆದುಕೊಳ್ಳಲು ಅಂಗೈ ಮೇಲ್ಮುಖವಾಗಿ ತಿರುಗಬೇಕು. ಮೊಣಕೈಯಿಂದ ಮಣಿಕಟ್ಟಿನವರೆಗಿನ ಎರಡು ಮೂಳೆಗಳು ವಾಲಿ ಕೂಡಿಕೊಂಡರೆ ಮೊದಲು ಹೋಗುವುದು ಈ ತಿರುಗುವಿಕೆಯೇ. ಕಾಲಿನ ವಿಷಯಕ್ಕೆ ಬಂದರೆ ಚಕ್ಕಳಮಕ್ಕಳ ಕೂರುವುದು, ಕುಕ್ಕರಗಾಲಲ್ಲಿ ಕೂತು ಏಳುವುದು. ನಿಮ್ಮ ವೈದ್ಯರಿಗೆ ಇವನ್ನೆಲ್ಲ ಬಾಯಿಬಿಟ್ಟು ಹೇಳಿ. ಮುಗುಮ್ಮಾಗಿ ಎಕ್ಸ್-ರೇ ಕವರನ್ನು ಮೇಜಿನ ಮೇಲಿಟ್ಟರೆ ಅವರು ಎಕ್ಸ್-ರೇಗೇ ಚಿಕಿತ್ಸೆ ಕೊಡುತ್ತಾರೆ.

ಈಗ ಒಂದೇ ದೇಹದ ಎರಡು ಮುರಿತಗಳನ್ನು ನೋಡೋಣ. ಎಪ್ಪತ್ತೆಂಟು ವರ್ಷದ ಅಜ್ಜಿ ಬಚ್ಚಲುಮನೆಯಲ್ಲಿ ಜಾರಿದರು ಅನ್ನಿ. ಸೊಂಟದ ಮೇಲೆ ಬಿದ್ದರೆ ತೊಡೆಮೂಳೆಯ ಮೇಲ್ತುದಿ ಮುರಿಯುತ್ತದೆ. ಕೈಯೂರಿ ಬಿದ್ದರೆ ಭುಜದ ಮೂಳೆಯ ತುದಿ. ಅದೇ ಅಜ್ಜಿ, ಅದೇ ಸವೆದ ಮೂಳೆ. ಆದರೆ ಸಲಹೆ ತದ್ವಿರುದ್ಧ.

ಸೊಂಟದ್ದು ಮೊದಲು. ಕಾಲು ಗಿಡ್ಡವಾಗಿ, ಪಾದ ಹೊರಕ್ಕೆ ತಿರುಗಿ ಮಲಗಿರುವ ಅಜ್ಜಿಯನ್ನು ತುರ್ತು ವಿಭಾಗಕ್ಕೆ ತಂದಾಗ ಕಾರಿಡಾರಿನಲ್ಲಿ ನಡೆಯುವ ಚರ್ಚೆ ನನಗೆ ಬಾಯಿಪಾಠವಾಗಿದೆ. 'ಈ ವಯಸ್ಸಿನಲ್ಲಿ ಯಾಕೆ ಕೊಯ್ಯುವುದು, ಸಕ್ಕರೆ ಕಾಯಿಲೆ ಬೇರೆ ಇದೆ, ಹಾಸಿಗೆಯಲ್ಲೇ ಇಟ್ಟು ನೋಡಿಕೊಳ್ಳುತ್ತೇವೆ.' ಪ್ರೀತಿಯಿಂದ ಹೇಳುವ ಮಾತೇ ಇದು. ಅಮೆರಿಕದಲ್ಲಿರುವ ಮಗನಿಗೆ ಫೋನು ಹೋಗುತ್ತದೆ, ಅವನು ಅಲ್ಲಿಯ ಸ್ನೇಹಿತ ವೈದ್ಯರನ್ನು ಕೇಳುತ್ತಾನೆ, ಒಂದು ರಾತ್ರಿ ಕಳೆಯುತ್ತದೆ. ಅತ್ತ ಹೃದಯ ತಜ್ಞರ ಫಿಟ್ನೆಸ್ ಚೀಟಿಗಾಗಿ ಇನ್ನೊಂದು ದಿನ.

ಹಾಸಿಗೆಯಲ್ಲಿ ಇಟ್ಟರೆ ಏನಾಗುತ್ತದೆ? ಮಗ್ಗುಲು ಬದಲಿಸಿದರೂ ನೋವು. ಹಾಗಾಗಿ ಅಜ್ಜಿ ಬದಲಿಸುವುದಿಲ್ಲ. ಕೆಲವೇ ದಿನಗಳಲ್ಲಿ ಬೆನ್ನಿನ ಕೆಳಗೆ ಹಾಸಿಗೆ ಹುಣ್ಣು ಶುರುವಾಗುತ್ತದೆ. ಕಫ ಕೆಮ್ಮಿ ಹೊರಹಾಕಲಾಗದೆ ನ್ಯುಮೋನಿಯಾ. ಮೂತ್ರದ ನಳಿಕೆಯಿಂದ ನಂಜು. ಕಾಲಿನ ರಕ್ತನಾಳದಲ್ಲಿ ಹೆಪ್ಪು, ಅದು ಕಿತ್ತುಕೊಂಡು ಶ್ವಾಸಕೋಶಕ್ಕೆ ಹೋದರೆ ಪ್ರಾಣಕ್ಕೇ ಸಂಚಕಾರ. ಜೊತೆಗೆ ಮನಸ್ಸು ಗಲಿಬಿಲಿಗೊಂಡು ಮಕ್ಕಳನ್ನೇ ಗುರುತಿಸದ ಸ್ಥಿತಿ. ಸೊಂಟ ಮುರಿದ ಹಿರಿಯರಲ್ಲಿ ಒಂದು ವರ್ಷದೊಳಗೆ ತೀರಿಕೊಳ್ಳುವವರು ಶೇಕಡಾ 20ರಿಂದ 30ರಷ್ಟು ಎಂದು ದೇಶ ದೇಶಗಳ ಲೆಕ್ಕ ಹೇಳುತ್ತದೆ. ಅವರನ್ನು ಕೊಲ್ಲುವುದು ಮುರಿದ ಮೂಳೆಗಿಂತ ಹೆಚ್ಚಾಗಿ ಮಲಗುವಿಕೆ. ಆದ್ದರಿಂದ ಇಲ್ಲಿ ಆಪರೇಷನ್ನಿನ ಉದ್ದೇಶ ಮೂಳೆ ಕೂಡಿಸುವುದಷ್ಟೇ ಆಗಿರುವುದಿಲ್ಲ. ಮಾರನೆಯ ದಿನವೇ ವಾಕರ್ ಹಿಡಿಸಿ ಎಬ್ಬಿಸಿ ನಿಲ್ಲಿಸುವುದು. ತೊಡೆಮೂಳೆಯ ಮೇಲ್ತುದಿಯಲ್ಲಿರುವ ಚೆಂಡಿನ ಕುತ್ತಿಗೆ ಮುರಿದು ಸರಿದಿದ್ದರೆ ಚೆಂಡನ್ನೇ ಬದಲಿಸುತ್ತೇವೆ, ಅದಕ್ಕಿಂತ ಕೆಳಗೆ ಮುರಿದಿದ್ದರೆ ರಾಡೋ ಪ್ಲೇಟೋ ಹಾಕುತ್ತೇವೆ.

ಎಷ್ಟು ಬೇಗ? ಬ್ರಿಟನ್ನಿನಲ್ಲಿ 36 ಗಂಟೆಯೊಳಗೆ ಎಂಬ ಗುರಿ ಇಟ್ಟುಕೊಂಡಿದ್ದಾರೆ. 2020ರಲ್ಲಿ 'ಲ್ಯಾನ್ಸೆಟ್' ಪತ್ರಿಕೆಯಲ್ಲಿ 17 ದೇಶಗಳ 69 ಆಸ್ಪತ್ರೆಗಳ ಅಧ್ಯಯನವೊಂದು ಬಂತು. 2970 ರೋಗಿಗಳು. ಒಂದು ಗುಂಪಿಗೆ ಮುರಿತ ಪತ್ತೆಯಾದ ಸುಮಾರು 6 ಗಂಟೆಗೆ, ಇನ್ನೊಂದಕ್ಕೆ ಸುಮಾರು 24 ಗಂಟೆಗೆ ಆಪರೇಷನ್. ತೊಂಬತ್ತು ದಿನಗಳ ಸಾವಿನ ಪ್ರಮಾಣದಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಬರಲಿಲ್ಲ, 9 ಮತ್ತು 10 ಶೇಕಡಾ. ಆದರೆ ಬೇಗ ಮಾಡಿಸಿಕೊಂಡವರಲ್ಲಿ ಮನಸ್ಸಿನ ಗಲಿಬಿಲಿ ಕಡಿಮೆ, ಮೂತ್ರದ ನಂಜು ಕಡಿಮೆ, ಬೇಗ ಎದ್ದು ನಿಂತರು. ಇದರಿಂದ ನಾನು ತೆಗೆದುಕೊಂಡ ಅರ್ಥವಿಷ್ಟು: ಮಧ್ಯರಾತ್ರಿ ಎದ್ದು ಓಡಬೇಕಿಲ್ಲ, ಆದರೆ ಭಾನುವಾರ ಬಂತು, ಅಮಾವಾಸ್ಯೆ ಬಂತು ಎಂದು ನಾಲ್ಕು ದಿನ ತಳ್ಳುವುದಕ್ಕೆ ಯಾವ ಸಮರ್ಥನೆಯೂ ಇಲ್ಲ. ಅಮಾವಾಸ್ಯೆಯ ಮಾತು ತಮಾಷೆಗೆ ಹೇಳಿದ್ದಲ್ಲ, ವಾರ್ಡಿನಲ್ಲಿ ಕೇಳುವುದೇ.

ಈಗ ಅದೇ ಅಜ್ಜಿಯ ಭುಜ. ಎಕ್ಸ್-ರೇ ನೋಡಿದರೆ ಭಯವಾಗುತ್ತದೆ. ಮೂಳೆಯ ತಲೆ ಒಂದು ಕಡೆ, ದಂಡ ಒಂದು ಕಡೆ. ಒಂದು ಕಾಲಕ್ಕೆ ಇಂಥದ್ದನ್ನು ಕಂಡ ಕೂಡಲೇ ಪ್ಲೇಟು ಹಾಕುವ ಉಮೇದು ನಮಗೆಲ್ಲ ಇತ್ತು. ಒಳಗಿನ ಮೂಳೆಯೋ, ಕಾಫಿಯಲ್ಲಿ ನೆನೆದ ರಸ್ಕಿನಂತಿರುತ್ತದೆ. ಅದಕ್ಕೆ ಸ್ಕ್ರೂ ಬಿಗಿದರೆ ಎಷ್ಟು ಹಿಡಿದೀತು? 2015ರಲ್ಲಿ ಬ್ರಿಟನ್ನಿನ 32 ಆಸ್ಪತ್ರೆಗಳಲ್ಲಿ ನಡೆದ 'ಪ್ರಾಫರ್' ಅಧ್ಯಯನದ ಫಲಿತಾಂಶ ಬಂತು. ಮೂಳೆ ಸರಿದ 250 ಮಂದಿಯಲ್ಲಿ ಅರ್ಧಕ್ಕೆ ಆಪರೇಷನ್, ಇನ್ನರ್ಧಕ್ಕೆ ಕೊರಳಿಗೆ ಜೋಲಿ ಕಟ್ಟಿ ಮುಂದೆ ವ್ಯಾಯಾಮ. ಎರಡು ವರ್ಷಗಳ ಸರಾಸರಿ ನೋಡಿದರೆ ಆಗ ಹೇಳಿದ ಆಕ್ಸ್‌ಫರ್ಡ್ ಅಂಕದಲ್ಲಿ 48ಕ್ಕೆ ಒಂದು ಗುಂಪು 39.1, ಇನ್ನೊಂದು ಗುಂಪು 38.3. ಒಂದು ಅಂಕದಷ್ಟೂ ಅಂತರವಿಲ್ಲ. ಐದು ವರ್ಷದ ಹೊತ್ತಿಗೂ ಅಷ್ಟೇ.

ಇಂಥ ಅಧ್ಯಯನವನ್ನು ಓದುವಾಗ ಒಳಗೆ ಯಾರನ್ನು ಸೇರಿಸಿಕೊಂಡರು, ಯಾರನ್ನು ಬಿಟ್ಟರು ಎಂದು ನೋಡಬೇಕು. ಭುಜ ಗೂಡಿನಿಂದಲೇ ಹೊರಬಂದವರನ್ನು, ಆಪರೇಷನ್ ಆಗಲೇಬೇಕೆಂದು ವೈದ್ಯರಿಗೆ ಅನುಮಾನವೇ ಇಲ್ಲದವರನ್ನು ಅದರಲ್ಲಿ ಸೇರಿಸಿರಲಿಲ್ಲ. ಹಾಗಾಗಿ 'ಭುಜಕ್ಕೆ ಯಾವತ್ತೂ ಆಪರೇಷನ್ ಬೇಡ' ಎಂದು ಮನೆಗೆ ಹೋಗಿ ಹೇಳಬೇಡಿ. ವೈದ್ಯರೇ ಎರಡು ಮನಸ್ಸಿನಲ್ಲಿರುವ ಪ್ರಕರಣಗಳಲ್ಲಿ ಜೋಲಿ ಕಟ್ಟಿಕೊಂಡು ಕಾದರೆ ನಷ್ಟವಿಲ್ಲ, ಅಷ್ಟೇ ಅದು ಹೇಳುವುದು. ಆದರೆ ಭುಜ ಮುರಿದ ಹಿರಿಯರಲ್ಲಿ ಹೆಚ್ಚಿನವರು ಬರುವುದು ಆ ಗುಂಪಿನಲ್ಲೇ.

ಮಣಿಕಟ್ಟಿನ ಕಥೆ ಬೇಗ ಹೇಳಿಬಿಡುತ್ತೇನೆ. 2014ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಮೂಳೆ ಹಿಡಿದಿಡುವ ತೆಳು ತಂತಿಗೂ ದುಬಾರಿ ಪ್ಲೇಟಿಗೂ 461 ಮಂದಿಯಲ್ಲಿ ಪೈಪೋಟಿ ಹಚ್ಚಿದರು. ವರ್ಷದ ಕೊನೆಗೆ ಇಬ್ಬರೂ ಸಮ. 2022ರಲ್ಲಿ ಪ್ರಕಟವಾದದ್ದರಲ್ಲಿ ತಂತಿಗೂ ಬರೀ ಪ್ಲಾಸ್ಟರಿಗೂ 500 ಮಂದಿಯಲ್ಲಿ ಪೈಪೋಟಿ, ಮತ್ತೆ ಸಮ. ಆದರೆ ಪ್ಲಾಸ್ಟರ್ ಹಾಕಿಸಿಕೊಂಡವರಲ್ಲಿ ಎಂಟಕ್ಕೆ ಒಬ್ಬರಿಗೆ ಆರು ವಾರದೊಳಗೆ ಮೂಳೆ ಮತ್ತೆ ಸರಿದು ಆಪರೇಷನ್ ಬೇಕಾಯಿತು. ಆದ್ದರಿಂದ ಪ್ಲಾಸ್ಟರ್ ಹಾಕಿಸಿಕೊಂಡು ನಾಪತ್ತೆಯಾಗುವಂತಿಲ್ಲ. ವಾರಕ್ಕೊಮ್ಮೆ ಎಕ್ಸ್-ರೇಗೆ ಕರೆದರೆ ಹಣ ಕೀಳಲು ಕರೆಯುತ್ತಾರೆಂದು ಭಾವಿಸಬೇಡಿ. ಕತ್ತರಿ ಹಾಕದ ಚಿಕಿತ್ಸೆಗೆ ಹೆಚ್ಚು ಕಾವಲು ಬೇಕು.

ತೋಳಿನ ನಡುಭಾಗ ಮುರಿದರೆ ಹಾಕುವ ಒಂದು ಕವಚವಿದೆ. ಆಗಸ್ಟೋ ಸಾರ್ಮಿಯೆಂಟೋ ಎಂಬ ವೈದ್ಯರು 1970ರ ದಶಕದಲ್ಲಿ ಬಳಕೆಗೆ ತಂದದ್ದು. ಎರಡು ಪ್ಲಾಸ್ಟಿಕ್ ಚಿಪ್ಪುಗಳು, ಅವನ್ನು ಬಿಗಿಯಲು ಪಟ್ಟಿಗಳು. ನೋಡಿದರೆ ಇಷ್ಟೇನಾ ಅನ್ನಿಸುತ್ತದೆ. ಮುರಿದ ಜಾಗದ ಸುತ್ತಲಿನ ಸ್ನಾಯುಗಳನ್ನು ಅದು ಎಲ್ಲ ಕಡೆಯಿಂದ ಒತ್ತಿ ಹಿಡಿಯುತ್ತದೆ, ಮುಂಗೈಯ ಭಾರ ಕೆಳಗೆಳೆದು ಮೂಳೆಯನ್ನು ನೇರ ಮಾಡುತ್ತದೆ. ಆದ್ದರಿಂದ ರೋಗಿ ಮೊಣಕೈಯನ್ನು ಕುರ್ಚಿಯ ಕೈಮೇಲೆ ಊರಬಾರದು. ಮೊದಮೊದಲು ರಾತ್ರಿ ಒರಗಿ ಕೂತೇ ನಿದ್ದೆ ಮಾಡಬೇಕು. ಊತ ಇಳಿದಂತೆ ದಿನವೂ ಪಟ್ಟಿ ಬಿಗಿ ಮಾಡಿಕೊಳ್ಳಬೇಕು. ಬೆವರಿಗೆ ಚರ್ಮ ಕೆರೆಯುತ್ತದೆ, ಮೂಳೆಯ ತುದಿಗಳು ಅಲುಗಾಡುವುದು ಗೊತ್ತಾಗುತ್ತದೆ, ಮನೆಯವರಿಗೆ ಗಾಬರಿ. ಇಷ್ಟನ್ನು ಎರಡು ಮೂರು ತಿಂಗಳು ತಾಳಿಕೊಂಡರೆ ಹೆಚ್ಚಿನವರಿಗೆ ಮೂಳೆ ಕೂಡುತ್ತದೆ.

ಫಿನ್ಲೆಂಡಿನವರು ಇದನ್ನೂ ಪ್ಲೇಟಿನ ಎದುರು ನಿಲ್ಲಿಸಿ ನೋಡಿದರು, 2020ರಲ್ಲಿ ಪ್ರಕಟವಾಯಿತು. 82 ರೋಗಿಗಳ ಸಣ್ಣ ಅಧ್ಯಯನ. ವರ್ಷದ ಕೊನೆಗೆ ಎರಡೂ ಗುಂಪಿನ ಸರಾಸರಿಯಲ್ಲಿ ಗಣನೀಯ ಅಂತರವಿಲ್ಲ. ಕೇಳಲು ಹಿತವಾಗಿದೆ. ಆದರೆ ಕವಚ ಹಾಕಿಸಿಕೊಂಡ 44 ಮಂದಿಯಲ್ಲಿ 13 ಮಂದಿಗೆ ಮೂಳೆ ಸರಿಯಾಗಿ ಕೂಡದೆ ಕಡೆಗೆ ಆಪರೇಷನ್ನೇ ಆಯಿತು, ಮತ್ತು ಹಾಗೆ ತಡವಾಗಿ ಮಾಡಿಸಿಕೊಂಡವರು ಎರಡು ವರ್ಷದ ನಂತರವೂ ಮೊದಲೇ ಮಾಡಿಸಿಕೊಂಡವರಿಗಿಂತ ಹಿಂದುಳಿದಿದ್ದರು. ಸರಾಸರಿ ಅನ್ನುವುದು ಹೀಗೆ ಮೂರು ಜನರಲ್ಲಿ ಒಬ್ಬರ ಕಷ್ಟವನ್ನು ಮುಚ್ಚಿಟ್ಟುಬಿಡುತ್ತದೆ. ಇನ್ನು ಪ್ಲೇಟಿಗೂ ತನ್ನದೇ ಅಪಾಯವಿದೆ. ತೋಳಿನ ಹಿಂದೆ ಮೂಳೆಗೆ ಅಂಟಿಕೊಂಡೇ ಹೋಗುವ ನರವೊಂದಿದೆ, ಅದಕ್ಕೆ ಪೆಟ್ಟಾದರೆ ಮಣಿಕಟ್ಟು ಜೋತು ಬೀಳುತ್ತದೆ. ಹಾಗಾಗಿ ನನ್ನ ಕ್ರಮ ಹೀಗೆ: ಆಟೋ ಓಡಿಸುವವರು, ಒಂಟಿಯಾಗಿ ಪಿ.ಜಿ.ಯಲ್ಲಿರುವ ಹುಡುಗಿ, ಮೂರು ತಿಂಗಳು ಕೈ ಬಿಟ್ಟು ಕೂರಲಾಗದವರು ಬಂದರೆ ಪ್ಲೇಟಿನ ಮಾತು ಮೊದಲೇ ಆಡುತ್ತೇನೆ. ನಿವೃತ್ತರಾಗಿ ಮನೆಯಲ್ಲಿ ಆರೈಕೆ ಇರುವವರಿಗೆ ಕವಚ ತೋರಿಸುತ್ತೇನೆ. ಆರು ವಾರದ ಹೊತ್ತಿಗೂ ಮೂಳೆ ಅಲುಗುತ್ತಿದ್ದರೆ ಇಬ್ಬರೂ ಮತ್ತೆ ಕೂತು ಮಾತಾಡುತ್ತೇವೆ.

ನಮ್ಮೂರಿನ ವಿಶೇಷ ರೋಗಿಗಳ ಒಂದು ವರ್ಗವಿದೆ. ವಾರವಿಡೀ ಕಂಪ್ಯೂಟರ್ ಮುಂದೆ ಕೂತು, ಶನಿವಾರ ಬೆಳಗ್ಗೆ ಒಳಾಂಗಣ ಕೋರ್ಟಿನಲ್ಲಿ ಬ್ಯಾಡ್ಮಿಂಟನ್ ಆಡುವ ನಲವತ್ತರ ಆಸುಪಾಸಿನವರು. ಶಟಲ್ ಹಿಂದೆ ಒಂದು ಹೆಜ್ಜೆ ಚಿಮ್ಮಿದಾಗ 'ಯಾರೋ ಹಿಂದಿನಿಂದ ಒದ್ದರು' ಅನ್ನುತ್ತಾರೆ; ತಿರುಗಿ ನೋಡಿದರೆ ಯಾರೂ ಇರುವುದಿಲ್ಲ. ಹಿಮ್ಮಡಿಯ ಮೇಲಿನ ದಪ್ಪ ಸ್ನಾಯುರಜ್ಜು ಹರಿದಿರುತ್ತದೆ. ನಾರ್ವೆಯಲ್ಲಿ ಇಂಥ 554 ಮಂದಿಯನ್ನು ಮೂರು ಗುಂಪು ಮಾಡಿದರು, 2022ರಲ್ಲಿ ಫಲಿತಾಂಶ ಬಂತು: ಆಪರೇಷನ್ ಇಲ್ಲದೆ ಕಟ್ಟು, ತೆರೆದು ಹೊಲಿಗೆ, ಸಣ್ಣ ರಂಧ್ರದಿಂದ ಹೊಲಿಗೆ. ವರ್ಷದ ನಂತರ ನಡಿಗೆ, ಆಟ, ನೋವು ಮೂರರಲ್ಲೂ ಒಂದೇ ಮಟ್ಟ. ಮತ್ತೆ ಹರಿಯುವ ಅಪಾಯ ಮಾತ್ರ ಕಟ್ಟಿನಲ್ಲಿ 6.2 ಶೇಕಡಾ, ಹೊಲಿಗೆಯಲ್ಲಿ 0.6. ನರಕ್ಕೆ ಪೆಟ್ಟು ಹೊಲಿಗೆಯ ಗುಂಪುಗಳಲ್ಲಿ ಹೆಚ್ಚು. ಇಲ್ಲಿ ಸರಿ ಉತ್ತರ ನನ್ನ ಹತ್ತಿರ ಇಲ್ಲ. ಯಾವ ಅಪಾಯವನ್ನು ಹೊರಲು ನೀವು ತಯಾರು ಎಂಬುದು ನಿಮಗೇ ಗೊತ್ತು. ಇಂಥ ಅಂಕಿಗಳನ್ನು ಮುಂದಿಟ್ಟು ರೋಗಿಯನ್ನೇ ಕೇಳುವ ಅಭ್ಯಾಸ ನಮ್ಮ ಹೊರರೋಗಿ ವಿಭಾಗದ ಮೂರು ನಿಮಿಷಗಳಲ್ಲಿ ಸಾಧ್ಯವೇ ಎಂದು ನೀವು ಕೇಳಬಹುದು. ಕಷ್ಟ. ಎರಡನೆಯ ಸಲ ಬನ್ನಿ, ಪ್ರಶ್ನೆಗಳನ್ನು ಚೀಟಿಯಲ್ಲಿ ಬರೆದು ತನ್ನಿ.

ಮಂಡಿನೋವಿನವರು ಇಲ್ಲಿ ತುಂಬ ಇದ್ದೀರಿ, ಮುಖಗಳೇ ಹೇಳುತ್ತಿವೆ. ಅಪಘಾತಕ್ಕೆ ಸಂಬಂಧವಿಲ್ಲದಿದ್ದರೂ ಒಂದು ಮಾತು. 2002ರಲ್ಲಿ ಅಮೆರಿಕದ ಹ್ಯೂಸ್ಟನ್ನಿನಲ್ಲಿ ಸವೆದ ಮಂಡಿಯ 180 ರೋಗಿಗಳ ಮೇಲೆ ನಡೆದ ಒಂದು ವಿಚಿತ್ರ ಪರೀಕ್ಷೆಯ ಫಲಿತಾಂಶ ಬಂತು. ಕೆಲವರಿಗೆ ದುರ್ಬೀನು ಹಾಕಿ ಮಂಡಿಯೊಳಗೆ ತೊಳೆದು ಕೆರೆದರು. ಇನ್ನು ಕೆಲವರಿಗೆ ಚರ್ಮದ ಮೇಲೆ ಗಾಯವಷ್ಟೇ ಮಾಡಿ, ಮಂಡಿಯೊಳಗೆ ಏನೂ ಮಾಡಲಿಲ್ಲ. ತೊಳೆಯುವ ಸದ್ದು ಬರಲೆಂದು ನೀರು ಚಿಮ್ಮಿಸಿದರು. ರೋಗಿಗಳು ಒಪ್ಪಿಯೇ ಸೇರಿದ್ದರು, ತಮಗೆ ಯಾವುದಾಯಿತು ಎಂದು ಮಾತ್ರ ತಿಳಿದಿರಲಿಲ್ಲ. ಎರಡು ವರ್ಷ ನೋಡಿದರೂ ನಿಜ ಆಪರೇಷನ್ ಸುಳ್ಳು ಆಪರೇಷನ್ನಿಗಿಂತ ಮೇಲಾಗಲಿಲ್ಲ. 2013ರಲ್ಲಿ ಪ್ರಕಟವಾದ ಫಿನ್ಲೆಂಡಿನ ಅಧ್ಯಯನದಲ್ಲಿ 146 ಮಂದಿಗೆ ಸವಕಳಿಯಿಂದ ಹರಿದ ಮಂಡಿಯ ಮೆತ್ತೆಯ (ಮೆನಿಸ್ಕಸ್) ವಿಷಯದಲ್ಲೂ ಹೀಗೇ ನೋಡಿದರು, ಫಲ ಅದೇ. 'ಎಂಆರ್‌ಐನಲ್ಲಿ ಮೆನಿಸ್ಕಸ್ ಹರಿದಿದೆ ಎಂದು ಬಂದಿದೆ' ಎಂದು ಅರವತ್ತು ದಾಟಿದವರು ಗಾಬರಿಯಾಗಿ ಬಂದರೆ ನಾನು ಮೊದಲು ತೊಡೆಯ ಸ್ನಾಯು ಬಲಪಡಿಸುವ ವ್ಯಾಯಾಮಕ್ಕೆ ಕಳುಹಿಸುತ್ತೇನೆ. ಕೆಲವರು ಬೇಸರ ಮಾಡಿಕೊಂಡು ಬೇರೆಯವರ ಹತ್ತಿರ ಹೋಗುತ್ತಾರೆ.

ಇದರಲ್ಲಿ ವಿಮೆಯ ಪಾಲೂ ಇದೆ. ಹೆಚ್ಚಿನ ಪಾಲಿಸಿಗಳು ಆಸ್ಪತ್ರೆಯಲ್ಲಿ ಮಲಗಿದರೆ ಹಣ ಕೊಡುತ್ತವೆ. ಹೊರರೋಗಿಯಾಗಿ ಪ್ಲಾಸ್ಟರ್ ಹಾಕಿಸಿಕೊಂಡು, ವಾರವಾರ ಎಕ್ಸ್-ರೇ ತೆಗೆಸಿ, ಎರಡು ತಿಂಗಳು ಫಿಸಿಯೋಥೆರಪಿಗೆ ಹೋದರೆ ಖರ್ಚು ಜೇಬಿನಿಂದಲೇ. ಆಗ ಲಕ್ಷದ ಆಪರೇಷನ್ ಅಗ್ಗವಾಗಿ, ಸಾವಿರದ ಕಟ್ಟು ದುಬಾರಿಯಾಗಿ ಕಾಣುತ್ತದೆ. ಇದು ವೈದ್ಯರನ್ನೂ ರೋಗಿಯನ್ನೂ ಒಂದೇ ದಿಕ್ಕಿಗೆ ತಳ್ಳುತ್ತದೆ.

ಚರ್ಚೆಯೇ ಇಲ್ಲದ ಜಾಗಗಳೂ ಇವೆ. ದೊಡ್ಡವರ ತೊಡೆಮೂಳೆ ನಡುವೆ ಮುರಿದರೆ ರಾಡು ಹಾಕಬೇಕು. ಹಿಂದೆ ಥಾಮಸ್ ಸ್ಪ್ಲಿಂಟ್ ಎಂಬ ಲೋಹದ ಚೌಕಟ್ಟಿನಲ್ಲಿ ಕಾಲಿಟ್ಟು, ಮಂಚದ ತುದಿಗೆ ಹಗ್ಗ ಕಟ್ಟಿ, ತೂಕ ಇಳಿಬಿಟ್ಟು ತಿಂಗಳುಗಟ್ಟಲೆ ಮಲಗಿಸುತ್ತಿದ್ದರು. ಆ ಕಾಲಕ್ಕೆ ಮರಳುವ ಅಗತ್ಯವಿಲ್ಲ. ಹಾಗೆಯೇ ಚರ್ಮ ಸೀಳಿ ಮೂಳೆ ಹೊರಬಂದ ಮುರಿತ. ಹೊರವರ್ತುಲ ರಸ್ತೆಯಲ್ಲಿ ಬೈಕು ಜಾರಿ ಮೊಣಕಾಲ ಕೆಳಗೆ ಹೀಗಾದವರು ಮಳೆಗಾಲದಲ್ಲಿ ಸಾಲುಸಾಲಾಗಿ ಬರುತ್ತಾರೆ. ಇಲ್ಲಿ ಫಲಿತಾಂಶ ನಿರ್ಧಾರವಾಗುವುದು ಯಾವ ಕಂಪನಿಯ ರಾಡು ಎನ್ನುವುದರಿಂದಲ್ಲ, ಎಷ್ಟು ಬೇಗ ಆ್ಯಂಟಿಬಯಾಟಿಕ್ ಒಳಗೆ ಹೋಯಿತು, ಸತ್ತ ಸ್ನಾಯುವನ್ನು ಎಷ್ಟು ನಿರ್ದಾಕ್ಷಿಣ್ಯವಾಗಿ ಕತ್ತರಿಸಿ ತೆಗೆದರು ಎನ್ನುವುದರಿಂದ. ಭಾರತವೂ ಸೇರಿದಂತೆ ಐದು ದೇಶಗಳಲ್ಲಿ 2447 ರೋಗಿಗಳ ಮೇಲೆ ನಡೆದ ಅಧ್ಯಯನ 2015ರಲ್ಲಿ ಬಂತು. ಗಾಯವನ್ನು ಸೋಪಿನ ದ್ರಾವಣದಿಂದ ತೊಳೆದವರಲ್ಲಿ 14.8 ಶೇಕಡಾ ಮಂದಿಗೆ ಮತ್ತೆ ಆಪರೇಷನ್ ಬೇಕಾಯಿತು, ಬರೀ ಸಲೈನಿನಿಂದ ತೊಳೆದವರಲ್ಲಿ 11.6. ನೀರನ್ನು ಜೋರಾಗಿ ಚಿಮ್ಮಿಸುವ ದುಬಾರಿ ಯಂತ್ರದಿಂದ ಯಾವ ಲಾಭವೂ ಇಲ್ಲ. ಬಡ ಆಸ್ಪತ್ರೆಗಳಿಗೆ ಇದಕ್ಕಿಂತ ಸಂತೋಷದ ಸುದ್ದಿ ಬೇಕೆ? ರಸ್ತೆಯಲ್ಲಿ ಇಂಥದ್ದನ್ನು ಕಂಡರೆ ನೀವು ಮಾಡಬೇಕಾದ್ದು ಕಡಿಮೆ: ಶುಭ್ರ ಬಟ್ಟೆ ಮುಚ್ಚಿ, ಕಾಲನ್ನು ಗಟ್ಟಿ ರಟ್ಟಿಗೋ ಇನ್ನೊಂದು ಕಾಲಿಗೋ ಕಟ್ಟಿ, ಕರೆದುಕೊಂಡು ಬನ್ನಿ. ಅರಿಶಿನ, ಕಾಫಿಪುಡಿ ಹಾಕಬೇಡಿ. ದುಡ್ಡಿನ ಚಿಂತೆಯಿಂದ ತಡಮಾಡಬೇಡಿ. 2025ರಿಂದ ಕೇಂದ್ರದ ಯೋಜನೆಯಡಿ ರಸ್ತೆ ಅಪಘಾತದ ಗಾಯಾಳುವಿಗೆ ನಿಗದಿತ ಆಸ್ಪತ್ರೆಗಳಲ್ಲಿ ಏಳು ದಿನಗಳವರೆಗೆ ಒಂದೂವರೆ ಲಕ್ಷ ರೂಪಾಯಿಯಷ್ಟು ನಗದುರಹಿತ ಚಿಕಿತ್ಸೆ ಇದೆ.

ನಾಟಿ ಪದ್ಧತಿಯ ಪುತ್ತೂರು ಕಟ್ಟಿನ ಬಗ್ಗೆ ಹೇಳದೆ ಕೂತರೆ ನೀವು ಬಿಡುವುದಿಲ್ಲ. ಆಂಧ್ರದ ಪುತ್ತೂರಿನ ಹೆಸರು ಹೊತ್ತ ಬೋರ್ಡುಗಳು ಬೆಂಗಳೂರಿನ ಎಷ್ಟೋ ಬಡಾವಣೆಗಳಲ್ಲಿವೆ. ಅಲ್ಲಿ ಹೋದವರೆಲ್ಲ ಕೆಟ್ಟರು ಎಂದು ನಾನು ಹೇಳುವುದಿಲ್ಲ, ಅದು ಸುಳ್ಳಾಗುತ್ತದೆ. ಪಕ್ಕೆಲುಬು, ಮಕ್ಕಳ ಮುಂಗೈ, ಪಾದದ ಸಣ್ಣ ಮೂಳೆಗಳು, ಕೊರಳೆಲುಬಿನ ಹೆಚ್ಚಿನ ಮುರಿತಗಳು ಏನು ಕಟ್ಟಿದರೂ ಕೂಡುತ್ತವೆ. ಬ್ರಿಟನ್ನಿನಲ್ಲಿ ಮಣಿಕಟ್ಟು ಉಬ್ಬಿದಂತೆ ಮುರಿದ 965 ಮಕ್ಕಳಲ್ಲಿ ಬರೀ ಬಟ್ಟೆಯ ಪಟ್ಟಿಗೂ ಗಟ್ಟಿ ಕಟ್ಟಿಗೂ ನೋವಿನಲ್ಲಿ ವ್ಯತ್ಯಾಸ ಕಾಣಲಿಲ್ಲ ಎಂದು 2022ರಲ್ಲಿ ವರದಿಯಾಯಿತು. ಅಂಥ ಮೂಳೆಯನ್ನು ಪ್ರಕೃತಿ ಕೂಡಿಸುತ್ತದೆ, ಕೀರ್ತಿ ಕಟ್ಟಿದವರಿಗೆ ಹೋಗುತ್ತದೆ. ಪ್ಲಾಸ್ಟರ್ ಹಾಕಿದ ನಮಗೂ ಅದೇ ರೀತಿ ಪುಕ್ಕಟೆ ಕೀರ್ತಿ ಬಂದಿದೆ.

ನನ್ನ ತಕರಾರು ಇರುವುದು ಬಿಗಿತದ ಬಗ್ಗೆ. ಮರದಿಂದ ಬಿದ್ದ ಆರು ವರ್ಷದ ಮಗುವಿನ ಮೊಣಕೈ ಮೇಲ್ಭಾಗ ಮುರಿದಿದೆ, ಬಿದಿರಿನ ಪಟ್ಟಿ ಇಟ್ಟು ಬಿಗಿಯಾಗಿ ಸುತ್ತಿದ್ದಾರೆ. ಊತ ಏರುತ್ತದೆ, ಬಟ್ಟೆ ಹಿಗ್ಗುವುದಿಲ್ಲ. ಒಳಗೆ ಒತ್ತಡ ಏರಿ ಸ್ನಾಯುವಿಗೆ ರಕ್ತ ನಿಲ್ಲುತ್ತದೆ. ಮಗು ರಾತ್ರಿಯಿಡೀ ಅಳುತ್ತದೆ, 'ಮೂಳೆ ಮುರಿದ ಮೇಲೆ ನೋವು ಇರುತ್ತದಲ್ಲ' ಎಂದು ಸಮಾಧಾನ ಮಾಡುತ್ತಾರೆ. ಹೀಗೆ ಪರೀಕ್ಷಿಸಿ: ಮಗುವಿನ ಮಡಚಿದ ಬೆರಳುಗಳನ್ನು ನೀವೇ ಮೆಲ್ಲಗೆ ಬಿಡಿಸಿ. ಮುಂಗೈಯಲ್ಲಿ ಚೀರುವಷ್ಟು ನೋವಾದರೆ, ಔಷಧಿಗೆ ನೋವು ಬಗ್ಗದಿದ್ದರೆ, ಬೆರಳು ಜೋಮು ಹಿಡಿದರೆ, ಕಟ್ಟನ್ನು ಆ ಕ್ಷಣವೇ ಬಿಚ್ಚಿ ಆಸ್ಪತ್ರೆಗೆ ಓಡಿ. ಉಗುರು ಕೆಂಪಗಿದೆ, ನಾಡಿ ಸಿಗುತ್ತಿದೆ ಎಂದು ಸುಮ್ಮನಾಗಬೇಡಿ. ಆ ಹಂತದಲ್ಲೂ ನಾಡಿ ಸಿಗುತ್ತಿರಬಹುದು. ಕೆಲವೇ ಗಂಟೆಗಳಲ್ಲಿ ಸ್ನಾಯು ಸಾಯುತ್ತದೆ, ಸತ್ತ ಸ್ನಾಯು ಗಂಟಾಗಿ ಬೆರಳುಗಳು ಶಾಶ್ವತವಾಗಿ ಮುದುಡಿಕೊಳ್ಳುತ್ತವೆ. ಜರ್ಮನಿಯ ವೈದ್ಯ ಫೋಕ್‌ಮನ್ 1881ರಲ್ಲೇ ಇದನ್ನು ವಿವರಿಸಿದ್ದಾರೆ. ನಮ್ಮ ಪ್ಲಾಸ್ಟರಿನೊಳಗೂ ಇದು ಆಗಬಹುದು. ಪ್ಲಾಸ್ಟರ್ ಹಾಕಿಸಿಕೊಂಡವರೂ ಇದೇ ಪರೀಕ್ಷೆ ಮಾಡಿಕೊಳ್ಳಿ.

ಕೊನೆಗೆ, ಹಾಕಿದ ಪ್ಲೇಟು ರಾಡು ತೆಗೆಸಬೇಕೆ ಎಂದು ಎಲ್ಲ ಸಭೆಯಲ್ಲೂ ಕೇಳುತ್ತಾರೆ. ದೊಡ್ಡವರಲ್ಲಿ ತೊಂದರೆ ಕೊಡದಿದ್ದರೆ ಬೇಡ. ತುಕ್ಕು ಹಿಡಿದು ಮೈಗೆ ವಿಷ ಏರುತ್ತದೆ ಎಂಬುದಕ್ಕೆ ಆಧಾರವಿಲ್ಲ. ಟೈಟಾನಿಯಂ ಇರಲಿ, ಈಗ ಮೂಳೆಗೆ ಹಾಕುವ ಸ್ಟೀಲ್ ಇರಲಿ, ಎಂಆರ್‌ಐಗೆ ಸಾಮಾನ್ಯವಾಗಿ ಅಡ್ಡಿಯಿಲ್ಲ; ಸ್ಕ್ಯಾನ್ ಮಾಡುವವರಿಗೆ ಮೊದಲೇ ತಿಳಿಸಿದರಾಯಿತು. ಚರ್ಮದಡಿ ಚುಚ್ಚುತ್ತಿದ್ದರೆ, ನಂಜಾಗಿದ್ದರೆ, ಸ್ಕ್ರೂ ಸಡಿಲಾಗಿದ್ದರೆ ತೆಗೆಸಿ. ಮಕ್ಕಳ ತೊಡೆಗೆ ಹಾಕುವ ಬಾಗುವ ರಾಡುಗಳನ್ನು ಮೂಳೆ ಗಟ್ಟಿಯಾದ ಮೇಲೆ ಸಾಮಾನ್ಯವಾಗಿ ತೆಗೆಯುತ್ತೇವೆ. ಮುಂಗೈ ಪ್ಲೇಟಿನ ವಿಷಯದಲ್ಲಿ ಮಾತ್ರ ಆತುರ ಬೇಡ: ತೆಗೆದ ಮೇಲೆ ಸ್ಕ್ರೂ ಇದ್ದ ರಂಧ್ರಗಳು ತುಂಬುವವರೆಗೆ ಮೂಳೆ ಅಲ್ಲೇ ಮತ್ತೆ ಮುರಿಯಬಹುದು, ನರಕ್ಕೂ ಎರಡನೆಯ ಸಲ ಅಪಾಯ. ಮಗಳ ಮದುವೆಗೆ ಮುಂಚೆ 'ಎಲ್ಲ ತೆಗೆಸಿಬಿಡೋಣ' ಎಂದು ಬರುವ ತಂದೆ ತಾಯಿಯರಿಗೆ ನಾನು ಇದನ್ನೇ ಹೇಳಿ, ಕೈ ಚೆನ್ನಾಗಿದ್ದರೆ ಹಾಗೆಯೇ ವಾಪಸು ಕಳುಹಿಸುತ್ತೇನೆ.